ತೆರಿಗೆ ಇಳಿಸಿದರೂ ವಸಾಹತಿನವರು ಸಿಟ್ಟಾದದ್ದೇಕೆ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯವಳು. ಯಜಮಾನರ ಕೆಲಸದ ವೀಸಾ ಮೇಲೆ ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷವಾಯಿತು, ಈಗ ನಾನೂ ದುಡಿಯುತ್ತೇನೆ. ಎಂಟನೇ ತರಗತಿಯಲ್ಲಿರುವ ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ‘ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ’ ಎಂಬ ಘೋಷಣೆ ಓದಿದವಳೇ ಊಟದ ಹೊತ್ತಿಗೆ, “ಅಮ್ಮ, ನೀವಿಬ್ಬರೂ ಟ್ಯಾಕ್ಸ್ ಕಟ್ತೀರಿ, ವೋಟಿಲ್ಲ. ಇದೂ ಅದೇ ಅನ್ಯಾಯ ಅಲ್ವಾ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಊರಿಂದ ಫೋನ್ ಮಾಡಿದ್ದ ನಮ್ಮ ಮಾವನವರು, “ಇಂಗ್ಲಿಷರು ಚಹಾ ಮೇಲೆ ತೆರಿಗೆ ಏರಿಸಿದ್ರು, ಅದಕ್ಕೇ ಅಮೆರಿಕದವರು ಸಮುದ್ರಕ್ಕೆ ಸುರಿದ್ರು, ಅಷ್ಟೇ ಕಥೆ” ಎನ್ನುತ್ತಾರೆ. ಅಷ್ಟೇ ಆಗಿದ್ದರೆ ಮನೆ ಶೋಧನೆ, ಜ್ಯೂರಿ, ವಾಕ್ ಸ್ವಾತಂತ್ರ್ಯ ಇವೆಲ್ಲ ತೆರಿಗೆ ಜಗಳದೊಳಗೆ ಬಂದದ್ದು ಹೇಗೆ? ಇನ್ನೊಂದು, ಹೈದರಾಲಿಯ ಹೆಸರಿನಲ್ಲಿ ಅಮೆರಿಕದವರ ಯುದ್ಧನೌಕೆ ಇತ್ತು ಎಂದೂ ಮಾವ ಹೇಳಿದರು. ಅದು ನಿಜವೇ?

ಉತ್ತರ: ನಿಮ್ಮ ಮಗಳ ಪ್ರಶ್ನೆಗೇ ಮೊದಲು ಉತ್ತರಿಸಬೇಕೆಂಬ ಆಸೆ ನನಗಿದೆ. ಆದರೆ ಮಾವನವರ ಮಾತನ್ನು ಬಿಡಿಸಿ ನೋಡದೆ ಅದಕ್ಕೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಅವರ ತಪ್ಪೇನಿಲ್ಲ. ಅಮೆರಿಕದ ಇತಿಹಾಸವನ್ನು ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು. ಎಂ.ಎ. ತರಗತಿಗೆ ಬರುವ ಮಕ್ಕಳೂ ಇದೇ ಕಥೆಯನ್ನು ಹೊತ್ತು ಬರುತ್ತಿದ್ದರು.

ನಡೆದದ್ದು ತಿರುಗುಮುರುಗು. 1773ರ ಚಹಾ ಕಾಯ್ದೆ ಚಹಾದ ಬೆಲೆಯನ್ನು ಇಳಿಸಿತು. ಅದುವರೆಗೆ ಈಸ್ಟ್ ಇಂಡಿಯಾ ಕಂಪನಿ ಚೀನಾದಿಂದ ತಂದ ಚಹಾವನ್ನು ಲಂಡನ್ನಿನಲ್ಲಿ ಹರಾಜು ಹಾಕಬೇಕಿತ್ತು. ಅದು ಕೈಯಿಂದ ಕೈಗೆ ದಾಟಿ, ದಾಟಿದಲ್ಲೆಲ್ಲ ಬೆಲೆ ಏರಿಸಿಕೊಂಡು ಅಮೆರಿಕ ತಲುಪುತ್ತಿತ್ತು. ಹೊಸ ಕಾಯ್ದೆಯು ಕಂಪನಿಗೆ ನೇರವಾಗಿ ವಸಾಹತುಗಳಿಗೆ ಸಾಗಿಸಲು ಬಿಟ್ಟಿತು, ಲಂಡನ್ನಿನಲ್ಲಿ ಕಟ್ಟಿದ ಸುಂಕವನ್ನು ವಾಪಸು ಕೊಟ್ಟಿತು. ಹಾಲೆಂಡಿನಿಂದ ಕದ್ದು ತರುತ್ತಿದ್ದ ಚಹಾಕ್ಕಿಂತಲೂ ಕಂಪನಿಯದು ಅಗ್ಗವಾಗುವ ಹಾಗಿತ್ತು. ಉಳಿದದ್ದು ಒಂದೇ, 1767ರಲ್ಲಿ ಹಾಕಿದ್ದ, ಪೌಂಡು ತೂಕಕ್ಕೆ 3 ಪೆನ್ನಿಯ ಸುಂಕ. ಹಾಗಿದ್ದರೂ 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು.

ಅಗ್ಗವಾದ ಸರಕನ್ನು ಯಾರಾದರೂ ಸಮುದ್ರಕ್ಕೆ ಸುರಿಯುತ್ತಾರೆಯೇ? ಸುರಿದವರಲ್ಲಿ ಸ್ವಾರ್ಥವಿದ್ದವರೂ ಇದ್ದರು, ಅದನ್ನು ಮುಚ್ಚಿಡಬಾರದು. ಕಳ್ಳಸಾಗಣೆಯಿಂದ ಬದುಕುತ್ತಿದ್ದ ವರ್ತಕರಿಗೆ ಈ ಕಾಯ್ದೆ ಹೊಟ್ಟೆಯ ಮೇಲೆ ಹೊಡೆದಂತಿತ್ತು. ಕಂಪನಿ ತನಗೆ ಬೇಕಾದ ಕೆಲವೇ ಮಂದಿಯನ್ನು ಮಾರಾಟಗಾರರನ್ನಾಗಿ ನೇಮಿಸಿದ್ದರಿಂದ ಉಳಿದ ಅಂಗಡಿಯವರೂ ಕುದಿಯುತ್ತಿದ್ದರು. ಆದರೆ ಸಾಮಾನ್ಯ ಜನರಿಗೆ ಹೆದರಿಕೆ ಬೇರೆಯದಿತ್ತು. ಆ ಅಗ್ಗದ ಚಹಾವನ್ನು ಒಮ್ಮೆ ಕೊಂಡು ಕುಡಿದರೆ, ನಮ್ಮನ್ನು ಕೇಳದೆ ನಮ್ಮ ಮೇಲೆ ಸುಂಕ ಹಾಕುವ ಹಕ್ಕು ಲಂಡನ್ನಿನ ಪಾರ್ಲಿಮೆಂಟಿಗೆ ಇದೆ ಎಂದು ಒಪ್ಪಿಕೊಂಡಂತೆ. ಇವತ್ತು 3 ಪೆನ್ನಿ, ನಾಳೆ ಎಷ್ಟೋ. ಕಂಪನಿಯ ಹೆಸರೂ ಅಷ್ಟು ಹೊತ್ತಿಗೆ ಕೆಟ್ಟಿತ್ತು. 1770ರ ಬಂಗಾಳದ ಕ್ಷಾಮದಲ್ಲಿ ಅದು ನಡೆದುಕೊಂಡ ರೀತಿಯನ್ನು ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ 1773ರಲ್ಲಿ ತಮ್ಮ ಜನರ ಮುಂದಿಟ್ಟು, ಏಷ್ಯಾದಲ್ಲಿ ಹೀಗೆ ಮಾಡಿದವರು ಈಗ ನಮ್ಮ ಕಡೆ ತಿರುಗಿದ್ದಾರೆ ಎಂದು ಎಚ್ಚರಿಸಿದ್ದರು. ನಮ್ಮ ನೆಲದ ಹಸಿವು ಅಷ್ಟು ದೂರದ ಒಂದು ಜಗಳದಲ್ಲಿ ಸಾಕ್ಷಿಯಾಗಿ ನಿಂತದ್ದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ತೆರಿಗೆಯ ಜಗಳದೊಳಗೆ ಹಕ್ಕುಗಳು ಹೇಗೆ ಬಂದವು ಎಂಬುದು. ಚಹಾವನ್ನು ಪಕ್ಕಕ್ಕಿಟ್ಟು ಕಾಕಂಬಿಯ ಕಥೆ ಕೇಳಿ. ಗುಟ್ಟು ಅಲ್ಲಿದೆ.

ಕೆರಿಬಿಯನ್ ದ್ವೀಪಗಳ ಕಬ್ಬಿನ ಕಾಕಂಬಿಯನ್ನು ತಂದು ರಮ್ ಇಳಿಸುವುದು ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ದೊಡ್ಡ ಉದ್ಯೋಗ. ಬ್ರಿಟಿಷರದಲ್ಲದ ದ್ವೀಪಗಳಿಂದ ಬರುವ ಕಾಕಂಬಿಗೆ 1733ರಿಂದ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು, ಆದರೆ ಕಾಗದದ ಮೇಲೆ ಮಾತ್ರ. ಸುಂಕದ ಅಧಿಕಾರಿಯ ಕೈ ಬೆಚ್ಚಗೆ ಮಾಡಿದರೆ ಹಡಗು ಖಾಲಿಯಾಗುತ್ತಿತ್ತು. 1764ರಲ್ಲಿ ಸುಂಕ 3 ಪೆನ್ನಿಗೆ, ಅಂದರೆ ಅರ್ಧಕ್ಕೆ ಇಳಿಯಿತು. ಜನ ಸಿಟ್ಟಾದದ್ದು ಆಗಲೇ.

ಆ ಕಾಯ್ದೆಯ ಒಳಪುಟಗಳನ್ನು ಓದಿದವರಿಗೆ ಕಾರಣ ಗೊತ್ತಾಗುತ್ತದೆ. ಸುಂಕ ತಪ್ಪಿಸಿದ ಆರೋಪವನ್ನು ಊರಿನ ನ್ಯಾಯಾಲಯದ ಬದಲು ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು. ಅಂಥದೊಂದನ್ನು ದೂರದ ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್‌ನಲ್ಲಿ ತೆರೆದರು. ಅಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ಊರವರ ಗುಂಪು ಇಲ್ಲ, ಒಬ್ಬನೇ ನ್ಯಾಯಾಧೀಶ. ಸರಕು ಕಳ್ಳಮಾಲಲ್ಲ ಎಂದು ಸಾಬೀತು ಮಾಡುವ ಹೊರೆ ಮಾಲೀಕನ ತಲೆಯ ಮೇಲೆ. ಅದಕ್ಕೂ ಮುಂಚೆ ಅವನು ಖರ್ಚಿಗೆ ಜಾಮೀನು ಇಡಬೇಕು. ಗೆದ್ದರೂ, ಜಪ್ತಿ ಮಾಡಲು ತಕ್ಕ ಅನುಮಾನವಿತ್ತು ಎಂದು ನ್ಯಾಯಾಧೀಶ ಒಂದು ಮಾತು ಬರೆದರೆ ಅಧಿಕಾರಿಯ ಮೇಲೆ ನಷ್ಟಕ್ಕೆ ದಾವೆ ಹೂಡುವ ಹಾಗಿಲ್ಲ. ಜಪ್ತಿಯಾದ ಸರಕಿನಲ್ಲಿ ಹಿಡಿದವನಿಗೂ ಒಂದು ಪಾಲು! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಾವು ಗಾದೆ ಹೇಳುತ್ತೇವಲ್ಲ, ಇಲ್ಲಿ ನ್ಯಾಯಾಲಯವೇ ಸುಂಕದ ಕಟ್ಟೆಯಾಗಿತ್ತು.

ಇದರ ಜೊತೆಗೆ ಶೋಧನೆ. ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಬಗೆಯ ಸಾರ್ವತ್ರಿಕ ಆಜ್ಞಾಪತ್ರ ಇರುತ್ತಿತ್ತು. ಯಾರ ಮನೆ, ಯಾವ ಸರಕು, ಏನು ಅನುಮಾನ ಎಂದು ಅದರಲ್ಲಿ ಬರೆದಿರಲಿಲ್ಲ. ಹಗಲು ಹೊತ್ತಿನಲ್ಲಿ ಯಾವ ಉಗ್ರಾಣಕ್ಕಾದರೂ, ಮನೆಗಾದರೂ ನುಗ್ಗಬಹುದಿತ್ತು. ಇದನ್ನು 1761ರಲ್ಲಿ ಬಾಸ್ಟನ್ನಿನ ನ್ಯಾಯಾಲಯದಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲರು ಪ್ರಶ್ನಿಸಿದರು. ಮೊಕದ್ದಮೆ ಸೋತರು, ಆದರೆ ಅಲ್ಲಿ ಕೂತು ಕೇಳಿಸಿಕೊಂಡ ತರುಣ ವಕೀಲ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್‌ಗೆ ಆ ವಾದ ಮುಪ್ಪಿನವರೆಗೂ ಮರೆಯಲಿಲ್ಲ. ‘ಪ್ರಾತಿನಿಧ್ಯವಿಲ್ಲದ ತೆರಿಗೆ ದಬ್ಬಾಳಿಕೆ’ ಎಂಬ ಹೆಸರಾದ ವಾಕ್ಯವನ್ನು ಓಟಿಸ್ ಅವರ ಬಾಯಲ್ಲಿ ಇಡುವುದು ವಾಡಿಕೆ. ಆದರೆ ಆ ಮಾತನ್ನು ಅವರು ಅದೇ ಪದಗಳಲ್ಲಿ ಆಡಿದರು ಎನ್ನಲು ಆ ಕಾಲದ ದಾಖಲೆಯ ಆಧಾರವಿಲ್ಲ. ಮಗಳು ಪ್ರಾಜೆಕ್ಟಿನಲ್ಲಿ ಉದ್ಧರಣ ಚಿಹ್ನೆ ಹಾಕಿ ಬರೆಯದಿದ್ದರೆ ಒಳ್ಳೆಯದು.

ಹೀಗಾಗಿ ತೆರಿಗೆಯ ದೂರು ಒಂದು, ಹಕ್ಕಿನ ದೂರು ಇನ್ನೊಂದು ಎಂದು ಬೇರೆ ಮಾಡಲು ಬರುವುದಿಲ್ಲ. ಒಪ್ಪಿಗೆಯಿಲ್ಲದೆ ಹಾಕಿದ ತೆರಿಗೆ ತಾನಾಗಿ ವಸೂಲಾಗುವುದಿಲ್ಲ. ಅದಕ್ಕೆ ಬಾಗಿಲು ಒಡೆಯುವ ಅಧಿಕಾರಿ ಬೇಕು, ಊರವರ ಮಾತು ಕೇಳದ ನ್ಯಾಯಾಲಯ ಬೇಕು, ಕೊನೆಗೆ ಸಿಪಾಯಿ ಬೇಕು. ಒಂದರ ಹಿಂದೆ ಇನ್ನೊಂದು ಬಂತು.

ಲಂಡನ್ನಿನವರ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ಫ್ರಾನ್ಸಿನೊಡನೆ ನಡೆದು 1763ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ನಿನ ಸಾಲ ಸುಮಾರು 7 ಕೋಟಿ ಪೌಂಡಿನಿಂದ 12 ಕೋಟಿ ಪೌಂಡನ್ನು ದಾಟಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡಬೇಕೆಂಬ ಯೋಜನೆ. ಕಾಗದಪತ್ರಗಳ ಮೇಲಿನ ಛಾಪಾ ಸುಂಕವನ್ನು ಇಂಗ್ಲೆಂಡಿನ ಜನ 1694ರಿಂದಲೇ ಕಟ್ಟುತ್ತಿದ್ದರು, ವಸಾಹತಿನವರಿಗಿಂತ ಒಟ್ಟು ತೆರಿಗೆಯ ಭಾರವೂ ಅವರಿಗೇ ಹೆಚ್ಚು. ನಿಮ್ಮ ರಕ್ಷಣೆಯ ಖರ್ಚಿನಲ್ಲಿ ಸ್ವಲ್ಪ ನೀವೂ ಕೊಡಿ ಎಂದದ್ದು ಅಷ್ಟೇನೂ ಅತಿಯಾಗಿರಲಿಲ್ಲ. ಜ್ಯೂರಿಯನ್ನು ತಪ್ಪಿಸಿದ್ದಕ್ಕೂ ಕಾರಣವಿತ್ತು. ಬಾಸ್ಟನ್ನಿನ ಜ್ಯೂರಿಯಲ್ಲಿ ಕೂತವರು ಬಾಸ್ಟನ್ನಿನ ಕಳ್ಳಸಾಗಣೆದಾರನಿಗೆ ಶಿಕ್ಷೆ ಕೊಡುವುದು ಅಪರೂಪ.

1765ರ ಛಾಪಾ ಕಾಯ್ದೆ ಆ ಜಗಳವನ್ನು ಪ್ರತಿ ಮನೆಗೂ ತಂದಿತು. ಪತ್ರ, ಕರಾರು, ಪರವಾನಗಿ, ಪತ್ರಿಕೆ, ಪಂಚಾಂಗ ಎಲ್ಲಕ್ಕೂ ಮುದ್ರೆಯೊತ್ತಿದ ಕಾಗದ ಬೇಕು. ಇಸ್ಪೀಟು ಕಟ್ಟಿಗೆ 1 ಷಿಲಿಂಗ್, ಪಗಡೆಯ ದಾಳದ ಜೋಡಿಗೆ 10 ಷಿಲಿಂಗ್, ಕಾಲೇಜಿನ ಪದವಿಪತ್ರಕ್ಕೆ 2 ಪೌಂಡ್. ಇಲ್ಲಿಯೂ ತಪ್ಪಿದವರ ವಿಚಾರಣೆ ನೌಕಾ ನ್ಯಾಯಾಲಯದಲ್ಲಿ ಆಗಬಹುದಿತ್ತು. ಇಸ್ಪೀಟಿಗೂ ಸಮುದ್ರಕ್ಕೂ ಏನು ಸಂಬಂಧ? ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಬರೆದ ಘೋಷಣೆಯಲ್ಲಿ ಎರಡೂ ಮಾತು ಒಟ್ಟಿಗಿವೆ. ನಮ್ಮ ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ತೆರಿಗೆ ಕೂಡದು, ಜ್ಯೂರಿಯ ವಿಚಾರಣೆ ನಮ್ಮ ಜನ್ಮಸಿದ್ಧ ಹಕ್ಕು. ಮುಂದಿನ ವರ್ಷದ ಮಾರ್ಚ್ 18ರಂದು ಪಾರ್ಲಿಮೆಂಟು ಕಾಯ್ದೆಯನ್ನು ಹಿಂದಕ್ಕೆ ಪಡೆಯಿತು. ಅದೇ ದಿನ, ವಸಾಹತುಗಳಿಗೆ ಯಾವುದೇ ವಿಷಯದಲ್ಲಾದರೂ ಶಾಸನ ಮಾಡುವ ಅಧಿಕಾರ ತನಗಿದೆ ಎಂದು ಇನ್ನೊಂದು ಕಾಯ್ದೆಯಲ್ಲಿ ಸಾರಿತು. ಗಾಯಕ್ಕೆ ಮದ್ದು ಹಚ್ಚಿ ಅದೇ ಕೈಯಿಂದ ಉಪ್ಪು ಹಾಕಿದಂತಾಯಿತು.

ಪಾರ್ಲಿಮೆಂಟಿನವರ ಒಂದು ವಾದವನ್ನು ನೆನಪಿಡಿ, ನಿಮ್ಮ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳೂ ಪಾರ್ಲಿಮೆಂಟಿಗೆ ಯಾರನ್ನೂ ಆರಿಸುವುದಿಲ್ಲ, ಆದರೂ ಪ್ರತಿಯೊಬ್ಬ ಸದಸ್ಯನೂ ಇಡೀ ರಾಜ್ಯಕ್ಕೆ ಪ್ರತಿನಿಧಿ, ಹಾಗೆಯೇ ನಿಮಗೂ ಪ್ರಾತಿನಿಧ್ಯ ಇದ್ದೇ ಇದೆ ಎಂದರು ಅವರು. ವಸಾಹತಿನವರ ಉತ್ತರ ಚುರುಕಾಗಿತ್ತು. ಮ್ಯಾಂಚೆಸ್ಟರಿನವರ ಮೇಲೆ ತೆರಿಗೆ ಹಾಕುವ ಸದಸ್ಯ ಆ ತೆರಿಗೆಯನ್ನು ತಾನೂ ಕಟ್ಟುತ್ತಾನೆ. ನಮ್ಮ ಮೇಲೆ ಹಾಕಿದರೆ ಅವನ ಜೇಬಿಗೆ ಉಳಿತಾಯ.

1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲಿನ 27 ದೂರುಗಳಿವೆ. ಒಪ್ಪಿಗೆಯಿಲ್ಲದ ತೆರಿಗೆ ಅದರಲ್ಲಿ ಒಂದೇ ಸಾಲು, ಅದೂ ಪಟ್ಟಿಯ ಅರ್ಧ ದಾಟಿದ ಮೇಲೆ. ಅದರ ಬೆನ್ನಿಗೇ ಜ್ಯೂರಿ ಇಲ್ಲದಂತೆ ಮಾಡಿದ್ದು, ಕಡಲಾಚೆ ಒಯ್ದು ವಿಚಾರಣೆ ಮಾಡುವುದು ಬರುತ್ತವೆ. ಪಟ್ಟಿಯ ಮೊದಲಿಗಿರುವುದು ಶಾಸನಸಭೆಗಳ ಕೈಕಟ್ಟಿದ ದೂರು. ಮಗಳಿಗೆ ಆ ಮೂಲ ಪಾಠವನ್ನೇ ತೆರೆದು, ತೆರಿಗೆಯ ಸಾಲನ್ನು ಹುಡುಕಲು ಹೇಳಿ. ಹುಡುಕಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಅವಳಿಗೆ ಬಹಳಷ್ಟು ಗೊತ್ತಾಗುತ್ತದೆ.

ಯುದ್ಧ ಗೆದ್ದ ಮೇಲೂ ಈ ಸಂಶಯ ಹೋಗಲಿಲ್ಲ. 1787ರ ಸಂವಿಧಾನದಲ್ಲಿ ಹಕ್ಕುಗಳ ಪಟ್ಟಿ ಇರಲಿಲ್ಲ, ಆದ್ದರಿಂದ ವರ್ಜೀನಿಯದ ಪ್ರತಿನಿಧಿ ಜಾರ್ಜ್ ಮೇಸನ್ ಅದಕ್ಕೆ ಸಹಿ ಹಾಕಲೇ ಇಲ್ಲ. ನಮ್ಮವರದೇ ಸರ್ಕಾರವಾದರೂ ಅದರ ಅಧಿಕಾರಿ ಬಾಗಿಲು ಒಡೆಯಬಹುದಲ್ಲ ಎಂಬ ಪ್ರಶ್ನೆ ಊರೂರಲ್ಲೂ ಎದ್ದಿತು. 1791ರ ಡಿಸೆಂಬರ್ 15ಕ್ಕೆ ಹತ್ತು ತಿದ್ದುಪಡಿಗಳು ಜಾರಿಗೆ ಬಂದವು. ನಾಲ್ಕನೆಯದು, ಯಾವ ಜಾಗ, ಯಾವ ವಸ್ತು ಎಂದು ಬರೆಯದ ಶೋಧನಾ ವಾರಂಟನ್ನು ನಿಷೇಧಿಸಿತು. ಅದರ ಹಿಂದೆ ನಿಂತಿರುವುದು ಆ ಸಾರ್ವತ್ರಿಕ ಆಜ್ಞಾಪತ್ರ. ಆರು ಮತ್ತು ಏಳನೆಯವು ಜ್ಯೂರಿಯನ್ನು ಕಾಪಾಡಿದವು, ಅವುಗಳಲ್ಲಿ ಹ್ಯಾಲಿಫ್ಯಾಕ್ಸಿನ ನೆನಪಿದೆ. ಮೂರನೆಯದು ಶಾಂತಿಕಾಲದಲ್ಲಿ ಮನೆಯೊಡೆಯನ ಒಪ್ಪಿಗೆಯಿಲ್ಲದೆ ಸಿಪಾಯಿಯನ್ನು ಅವನ ಮನೆಯಲ್ಲಿ ಇರಿಸಕೂಡದು ಎಂದಿತು. ಮೊದಲನೆಯದರಲ್ಲಿ ಮಾತು, ಪತ್ರಿಕೆ, ಧರ್ಮಗಳ ಜೊತೆ ಅಹವಾಲು ಕೊಡುವ ಹಕ್ಕೂ ಇದೆ. ಹತ್ತು ವರ್ಷ ಅಹವಾಲು ಬರೆದು ಕಸದ ಬುಟ್ಟಿಗೆ ಬಿದ್ದದ್ದನ್ನು ಕಂಡವರು ಬರೆದ ಸಾಲು ಅದು.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಹಕ್ಕಿನ ಮಾತಾಡಿದವರೇ 1765ರ ಆಗಸ್ಟ್ 26ರಂದು ಬಾಸ್ಟನ್ನಿನಲ್ಲಿ ಉಪಗವರ್ನರ್ ಥಾಮಸ್ ಹಚಿನ್ಸನ್ ಅವರ ಮನೆಯನ್ನು ಒಂದೇ ರಾತ್ರಿಯಲ್ಲಿ ಗೋಡೆ ಉಳಿಯುವಂತೆ ಮಾಡಿ ದೋಚಿದರು. ಆತ ಒಳಗೊಳಗೇ ಛಾಪಾ ಕಾಯ್ದೆಗೆ ವಿರೋಧವಾಗಿದ್ದವರು. ಸುಂಕದವರ ಮೈಗೆ ಟಾರು ಬಳಿದು ಗರಿ ಅಂಟಿಸಿ ಮೆರವಣಿಗೆ ಮಾಡಿದರು. ಇದೇ ಊರಿನಲ್ಲಿ 1770ರಲ್ಲಿ ಗುಂಡು ಹಾರಿಸಿ ಐದು ಜನರ ಸಾವಿಗೆ ಕಾರಣರಾದ ಬ್ರಿಟಿಷ್ ಸಿಪಾಯಿಗಳ ಪರವಾಗಿ ಜಾನ್ ಆಡಮ್ಸ್ ವಾದಿಸಿದರು, ಎಂಟು ಜನರಲ್ಲಿ ಆರು ಜನ ನಿರ್ದೋಷಿಗಳಾದರು. ಬಾಸ್ಟನ್ನಿನ ಈ ಎರಡು ಮುಖಗಳಲ್ಲಿ ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಇದಕ್ಕಿಂತ ದೊಡ್ಡ ಗಾಯ ಗುಲಾಮಗಿರಿ. ಎಲ್ಲರೂ ಸಮಾನರು ಎಂದು ಬರೆದ ಹೊತ್ತಿಗೆ ಆ ನಾಡಿನ ಸುಮಾರು 25 ಲಕ್ಷ ಜನರಲ್ಲಿ ಐದರಲ್ಲಿ ಒಬ್ಬರು ಗುಲಾಮರು. ನಿಮ್ಮ ಮಗಳ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಅವರ ಬಂಧುಗಳೂ ಇದ್ದಾರೆ. 1780ರಲ್ಲಿ ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮತ್ ಊರಿನ ಪಾಲ್ ಕಫಿ ಮತ್ತು ಅವರ ಅಣ್ಣ ಜಾನ್, ಗುಲಾಮನಾಗಿದ್ದು ಬಿಡುಗಡೆ ಪಡೆದ ತಂದೆಯ ಮಕ್ಕಳು, ಸಂಗಾತಿಗಳ ಜೊತೆ ಅಹವಾಲು ಬರೆದರು. ನಮಗೆ ಮತವಿಲ್ಲ, ನಮ್ಮ ಮೇಲೆ ತೆರಿಗೆ ಹಾಕುವವರನ್ನು ಆರಿಸುವ ಪ್ರಭಾವವಿಲ್ಲ, ನಮ್ಮ ಜನ ಇದೇ ಹೋರಾಟದಲ್ಲಿ ನಿಮ್ಮ ಜೊತೆ ರಣರಂಗಕ್ಕೆ ಇಳಿದಿದ್ದಾರೆ ಎಂಬುದು ಅದರ ಸಾರ. ತೆರಿಗೆ ಕಟ್ಟದ್ದಕ್ಕೆ ಅಣ್ಣತಮ್ಮಂದಿರು ಬಂಧನವನ್ನೂ ಕಂಡರು. ಸುಮಾರು ನೂರು ವರ್ಷದ ಬಳಿಕ, 1874ರಲ್ಲಿ, ಕನೆಕ್ಟಿಕಟ್‌ನ ಗ್ಲಾಸ್ಟನ್‌ಬರಿಯಲ್ಲಿ ಆಬಿ ಮತ್ತು ಜೂಲಿಯಾ ಸ್ಮಿತ್ ಎಂಬ ಮುದುಕಿ ಅಕ್ಕತಂಗಿಯರು ಮತವಿಲ್ಲದೆ ತೆರಿಗೆಯಿಲ್ಲ ಎಂದಾಗ ಅವರ ಹಸುಗಳನ್ನು ಜಪ್ತಿ ಮಾಡಿ ಹರಾಜಿಗೆ ಇಟ್ಟರು. ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯ ಕಥೆ ಕೇಳಿ ಬೆಳೆದವರಿಗೆ ಆ ಹಟ್ಟಿಯ ಮುಂದಿನ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಮನೆಯ ವಿಷಯ. ನೇರವಾಗಿ ಹೇಳುತ್ತೇನೆ, ಘೋಷಣೆ ನಿಮಗೆ ಪೂರ್ತಿ ಹೊಂದುವುದಿಲ್ಲ. ವಸಾಹತಿನವರು ತಾವು ಬ್ರಿಟಿಷ್ ಪ್ರಜೆಗಳೇ, ತಮ್ಮದೇ ಚುನಾಯಿತ ಸಭೆಗಳಿವೆ, ಅವುಗಳನ್ನು ದಾಟಿ ಬಂದು ತೆರಿಗೆ ಹಾಕಿದಿರಿ ಎಂದು ವಾದಿಸಿದರು. ನೀವು ಇನ್ನೊಂದು ದೇಶದ ಪ್ರಜೆಗಳಾಗಿದ್ದು ಅಲ್ಲಿ ದುಡಿಯುತ್ತಿದ್ದೀರಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಜರ್ಮನಿಯವರೂ ನಮ್ಮ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟುತ್ತಾರೆ, ಮತ ಹಾಕುವುದಿಲ್ಲ. ಆದರೆ ನಿಮ್ಮ ನೋವು ಹುಸಿಯಲ್ಲ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಹತ್ತಾರು ವರ್ಷ ಎಳೆಯುತ್ತದೆ, ತಾತ್ಕಾಲಿಕ ಎಂಬ ಹಣೆಪಟ್ಟಿಯಲ್ಲೇ ಆಯುಷ್ಯದ ಅರ್ಧ ಕಳೆಯುತ್ತದೆ. ಜನಪ್ರತಿನಿಧಿಗಳ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ನಿಮ್ಮನ್ನೂ ತಲೆಯೆಣಿಕೆಗೆ ಸೇರಿಸುತ್ತಾರೆ. ನಿಮ್ಮನ್ನು ಎಣಿಸುತ್ತಾರೆ, ಕೇಳುವುದಿಲ್ಲ. ಮ್ಯಾಂಚೆಸ್ಟರಿನ ಆ ಹಳೆಯ ವಾದ ಬೇರೆ ರೂಪದಲ್ಲಿ ಇಲ್ಲಿದೆ.

ಮತವಿಲ್ಲ ಎಂದರೆ ಹಕ್ಕಿಲ್ಲ ಎಂದಲ್ಲ. ಆ ಹತ್ತು ತಿದ್ದುಪಡಿಗಳಲ್ಲಿ ಇರುವ ಪದಗಳು ‘ವ್ಯಕ್ತಿ’, ‘ಜನ’ ಎಂಬಂಥವು, ‘ನಾಗರಿಕ’ ಅಲ್ಲ. 1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಚೀನೀ ಅಗಸನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆಮೇಲೆ ಸೇರಿದ ಹದಿನಾಲ್ಕನೆಯ ತಿದ್ದುಪಡಿ ಕೊಡುವ ಕಾನೂನಿನ ಸಮಾನ ರಕ್ಷಣೆ ಪರದೇಶದವರಿಗೂ ಇದೆ ಎಂದಿತು. 1896ರಲ್ಲಿ, ವಿಚಾರಣೆ ಮತ್ತು ಜ್ಯೂರಿಯ ಹಕ್ಕು ಅವರಿಗೂ ಸೇರಿದ್ದು ಎಂದಿತು. ಶಾಲಾ ಮಂಡಳಿಯ ಸಭೆಗೆ ಹೋಗಿ ಮಾತಾಡಬಹುದು, ಪ್ರತಿನಿಧಿಗೆ ಪತ್ರ ಬರೆಯಬಹುದು, ಅಹವಾಲಿಗೆ ಸಹಿ ಹಾಕಬಹುದು. ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳಲ್ಲಿ ನಾಗರಿಕರಲ್ಲದ ನಿವಾಸಿಗಳಿಗೂ ಊರಿನ ಚುನಾವಣೆಯಲ್ಲಿ ಮತವಿದೆ.

ಅಪಾಯದ ದಾರಿಗಳು ಮೂರು. ಬೇಸರದಲ್ಲಿ ತೆರಿಗೆ ನಿಲ್ಲಿಸುವುದು ಮೊದಲನೆಯದು. ಯಾವ ನ್ಯಾಯಾಲಯವೂ ಈ ಘೋಷಣೆಯನ್ನು ಸಮರ್ಥನೆಯಾಗಿ ಒಪ್ಪುವುದಿಲ್ಲ, ವೀಸಾಕ್ಕೂ ಕುತ್ತು. ಎರಡನೆಯದು ಗೊತ್ತಿಲ್ಲದೆ ಆಗುವಂಥದ್ದು. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಗುರುತು ಹಾಕಬೇಡಿ. ನಾಗರಿಕರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕಿದರೆ ಅದು ಅಪರಾಧ, ಗಡೀಪಾರಿಗೂ ಕಾರಣ. ಮೂರನೆಯದು, ಗ್ರೀನ್ ಕಾರ್ಡ್ ಇಲ್ಲದೆ ಯಾವ ಅಭ್ಯರ್ಥಿಗೂ ಚುನಾವಣಾ ದೇಣಿಗೆ ಕೊಡುವುದು. ನಾನು ಇತಿಹಾಸದವಳು. ಮೆರವಣಿಗೆಗೆ ಹೋಗುವುದೇ ಬೇಡವೇ ಎಂಬಂಥ ಪ್ರಶ್ನೆ ಬಂದರೆ ವಲಸೆ ವಕೀಲರನ್ನು ಕೇಳಿ.

ಪ್ರಾಜೆಕ್ಟಿಗೆ ಚಹಾದ ಕಥೆ ಸುಲಭ, ಆದರೆ ತರಗತಿಯ ಅರ್ಧ ಮಕ್ಕಳು ಅದನ್ನೇ ತರುತ್ತಾರೆ. ಕಾಕಂಬಿಯದು ಕಷ್ಟ, ಆದರೆ ಬಿಗಿಯಾಗಿ ನಿಲ್ಲುತ್ತದೆ. ಕಫಿ ಸೋದರರ ಅಹವಾಲಿನ ಪಕ್ಕದಲ್ಲಿ ನಿಮ್ಮ ಮನೆಯ ಊಟದ ಮಾತನ್ನು ಇಟ್ಟರೆ ಎಲ್ಲಕ್ಕಿಂತ ಜೀವಂತವಾಗುತ್ತದೆ. ಒಂದೇ ತೊಡಕು, ನಿಮ್ಮ ವೀಸಾದ ಸಂಗತಿ ಇಡೀ ತರಗತಿಗೆ ತಿಳಿಯುತ್ತದೆ. ಅದು ಬೇಕೋ ಬೇಡವೋ ಎಂದು ಅವಳನ್ನೇ ಕೂರಿಸಿಕೊಂಡು ಮಾತಾಡಿ.

ಹೈದರಾಲಿಯ ಹಡಗಿನ ಬಗ್ಗೆ ಮಾವನವರು ಹೇಳಿದ್ದು ನೂರಕ್ಕೆ ನೂರು ನಿಜ. ‘ಹೈದರ್ ಆಲಿ’ ಎಂಬ ಹೆಸರಿನ ಆ ಹಡಗನ್ನು 1782ರಲ್ಲಿ ಫಿಲಡೆಲ್ಫಿಯಾದಲ್ಲಿ ವರ್ತಕ ಹಡಗುಗಳ ಕಾವಲಿಗೆಂದು ಸಜ್ಜು ಮಾಡಿದ್ದರು. ಅದೇ ಇಂಗ್ಲಿಷರೊಡನೆ ದಕ್ಷಿಣ ಭಾರತದಲ್ಲಿ ಕಾದುತ್ತಿದ್ದ ದೊರೆಯ ಹೆಸರು ಅಲ್ಲಿಯವರೆಗೂ ಮುಟ್ಟಿತ್ತು. ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ತರುಣ ಕಪ್ತಾನನ ಕೈಯಲ್ಲಿ ಅದು ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಅದಕ್ಕೆ ಆರು ತಿಂಗಳ ಹಿಂದೆ ಯಾರ್ಕ್‌ಟೌನ್‌ನಲ್ಲಿ ಸೋತು ಸೈನ್ಯವನ್ನು ಒಪ್ಪಿಸಿದ್ದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದವನು. ಆ ಹಡಗಿನ ಕಾಳಗ ನಡೆದದ್ದು ಡೆಲವೇರ್ ಕೊಲ್ಲಿಯ ಬಾಯಲ್ಲಿ, ಕೇಪ್ ಮೇ ಹತ್ತಿರ. ಅದು ನಿಮ್ಮ ರಾಜ್ಯದ್ದೇ ದಕ್ಷಿಣದ ತುದಿ. ಒಂದು ಭಾನುವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದಡದಿಂದಲೇ ಮಾವನವರಿಗೆ ಫೋನ್ ಮಾಡಿಸಿ.